ಸವೆತದ ಸತ್ಯ

ಲಿಬಿಯದ ನೆಲೆಗಳಿಂದ ಹಾರಿದ ಅಮೆರಿಕದ ಬಿ-24 ಬಾಂಬರಿನ ಪುಟ್ಟ ಮಾದರಿ ಮಾಡುವವರು ಮೊದಲು ಮಾಸಲು ಗುಲಾಬಿ ಬಣ್ಣ ಬಳಿಯುತ್ತಾರೆ. ಆಮೇಲೆ ಅದನ್ನೇ ಕೆಡಿಸುತ್ತಾರೆ. ರೆಕ್ಕೆಯಂಚು ಕೆರೆದು ಲೋಹ ಕಾಣಬೇಕು, ಎಂಜಿನ್ನಿನ ಹಿಂದೆ ಮಸಿ ಹರಿಯಬೇಕು. ಸವೆತವೇ ಸತ್ಯವೆಂಬುದು ಇವರ ನಂಬಿಕೆ.

ಆದರೆ 'ಲೇಡಿ ಬಿ ಗುಡ್' ವಿಮಾನವನ್ನೇನು ಮಾಡೋಣ? 1943ರ ಏಪ್ರಿಲ್ 4ರಂದು ನೇಪಲ್ಸಿನತ್ತ ಹೊರಟದ್ದು ಅದರ ಮೊದಲ ಯುದ್ಧಯಾನ. ಹಿಂತಿರುಗುವಾಗ ಇರುಳಿನಲ್ಲಿ ನೆಲೆಯನ್ನು ದಾಟಿ ಮರಳುಗಾಡಿನ ಒಡಲಿಗೆ ಹೋಯಿತು. ಧುಮುಕಿದ ಒಂಬತ್ತು ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. 1958ರಲ್ಲಿ ತೈಲ ಹುಡುಕುವವರ ಕಣ್ಣಿಗೆ ವಿಮಾನ ಬೀಳುವ ಹೊತ್ತಿಗೆ 15 ವರ್ಷದ ಬಿಸಿಲು ಅದರ ಬಣ್ಣವನ್ನು ತಿಂದಿತ್ತು.

ಹಾಗಾದರೆ ಯಾವ ಬಣ್ಣ? ಬಿಸಿಲುಂಡದ್ದು ಕಣ್ಣಿಗೆ ಚೆಂದ, ನಿಜ. ಆ ಚೆಂದಕ್ಕಾಗಿ ಅವರ ಸಾವನ್ನು ಬಳಸಿಕೊಂಡಂತಾಗದೆ? ನನಗೇನೋ ಹೊಸ ಬಣ್ಣವೇ ಸರಿಯೆನ್ನಿಸುತ್ತದೆ. ಅದು ಆ ದಿನ ಮಧ್ಯಾಹ್ನದ ವಿಮಾನ. ಒಂಬತ್ತು ಮಂದಿ ಇನ್ನೂ ಒಳಗಿದ್ದಾರೆ.