ತೆರೆಯ ಮೇಲಿನವರು, ನೆರೆಮನೆಯವರು



ಸಂಜೆ ಏಳರ ಮೇಲೆ ನಮ್ಮ ತಾಳಮಲೆಯ ಯಾವ ಬೀದಿಯಲ್ಲಿ ನಡೆದರೂ ಒಂದು ಮನೆಯಿಂದ ಕನ್ನಡ ಧಾರಾವಾಹಿ, ಪಕ್ಕದ ಮನೆಯಿಂದ ತಮಿಳು ಧಾರಾವಾಹಿ ಕೇಳಿಸುತ್ತದೆ. ಕೆಲವು ಮನೆಗಳಲ್ಲಿ ಅಜ್ಜಿಗೆ ಕನ್ನಡ ಬೇಕು, ಮೊಮ್ಮಕ್ಕಳಿಗೆ ತಮಿಳು ಬೇಕು. ರಿಮೋಟ್ ಮಾತ್ರ ಒಂದೇ. ಟಿವಿ ನೋಡಬೇಡಿ ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ನನಗೂ ಟಿವಿ ಇಷ್ಟ. ನನ್ನ ಪ್ರಶ್ನೆ ಬೇರೆ: ತೆರೆಯ ಮೇಲಿನ ಮನುಷ್ಯರನ್ನು ಅಷ್ಟು ಚೆನ್ನಾಗಿ ಅರ್ಥ ಮಾಡಿಕೊಳ್ಳುವ ನಾವು, ನೆರೆಮನೆಯವರ ಬಗ್ಗೆ ಏಕೆ ಅಷ್ಟು ಬೇಗ ತೀರ್ಪು ಕೊಟ್ಟುಬಿಡುತ್ತೇವೆ?

ನನಗೆ ಬಹಳ ಇಷ್ಟವಾದದ್ದು ನಾನು ಹುಟ್ಟುವ ಮೊದಲೇ ಬಂದ ‘ಮಾಲ್ಗುಡಿ ಡೇಸ್’. ಆರ್.ಕೆ. ನಾರಾಯಣ್ ಅವರ ಕಥೆಗಳನ್ನು ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದರು. ಅದು ದೂರದರ್ಶನದಲ್ಲಿ ಬಂತು. ಅದರಲ್ಲಿ ಶಾಲೆಯ ಭಯಕ್ಕೆ ಸ್ವಾಮಿ ಮನೆ ಬಿಟ್ಟು ಓಡಿಹೋಗುತ್ತಾನೆ. ಆಗ ನಮಗೆ ಅವನ ಮೇಲೆ ಸಿಟ್ಟು ಬರುವುದಿಲ್ಲ, ಕಣ್ಣು ತುಂಬಿ ಬರುತ್ತದೆ. ಏಕೆಂದರೆ ಅವನ ಭಯವನ್ನು ನಾವು ಮೊದಲಿನಿಂದ ನೋಡುತ್ತಾ ಬಂದಿದ್ದೇವೆ. ಅದೇ ಕೆಲಸವನ್ನು ನಮ್ಮ ಧರ್ಮೋಪದೇಶ ತರಗತಿಯ ಹುಡುಗನೊಬ್ಬ ಮಾಡಿದರೆ, ‘ಪೋಲಿ ಹುಡುಗ, ಮನೆಯಲ್ಲಿ ಸರಿಯಾಗಿ ಬೆಳೆಸಿಲ್ಲ’ ಎನ್ನುತ್ತೇವೆ. ಇಬ್ಬರು ಹುಡುಗರೂ ಒಂದೇ. ಒಬ್ಬನ ಕಥೆಯನ್ನು ಪೂರ್ತಿ ನೋಡಿದ್ದೇವೆ, ಇನ್ನೊಬ್ಬನದು ಒಂದೇ ದೃಶ್ಯ.

ಬಿಗ್ ಬಾಸ್ ಇದಕ್ಕೆ ತದ್ವಿರುದ್ಧ. ಕನ್ನಡದಲ್ಲಿ 2013ರಿಂದ, ತಮಿಳಿನಲ್ಲಿ 2017ರಿಂದ ಅದು ಬರುತ್ತಿದೆ. ಆ ಮನೆಯಲ್ಲಿ ಕ್ಯಾಮೆರಾಗಳು ಹಗಲೂ ರಾತ್ರಿ ಓಡುತ್ತವೆ. ನಮಗೆ ಸಿಗುವ ಕಂತು ಮಾತ್ರ ಯಾರೋ ಆರಿಸಿ, ಕತ್ತರಿಸಿ, ಸಂಗೀತ ಸೇರಿಸಿದ ಸ್ವಲ್ಪ ಹೊತ್ತಿನದು. ಆದರೂ ಮರುದಿನ ಬಸ್ ನಿಲ್ದಾಣದಲ್ಲಿ ‘ಅವಳು ನಾಟಕ ಮಾಡ್ತಾಳೆ, ಇವನೇ ಒಳ್ಳೆಯವನು’ ಎಂದು ನಾವು ಖಚಿತವಾಗಿ ಹೇಳುತ್ತೇವೆ. ಅವರಾದರೂ ಕ್ಯಾಮೆರಾ ಇದೆ ಎಂದು ಗೊತ್ತಿದ್ದೇ ಹೋದವರು. ನಮ್ಮ ನೆರೆಯವರು ಯಾವ ಸ್ಪರ್ಧೆಗೂ ಸೇರಿದವರಲ್ಲ.

ಕತ್ತರಿಸಿದ ದೃಶ್ಯಕ್ಕೆ ಸಿಕ್ಕಿಬೀಳುವುದು ಹೇಗಿರುತ್ತದೆಂದು ನಮ್ಮ ಊರಿಗೆ ಚೆನ್ನಾಗಿ ಗೊತ್ತು. 2000ದ ಜುಲೈ 30ರ ರಾತ್ರಿ ಇಲ್ಲೇ ಗಾಜನೂರಿನ ಮನೆಯಿಂದ ಡಾ. ರಾಜ್‌ಕುಮಾರ್ ಅವರನ್ನು ವೀರಪ್ಪನ್ ಅಪಹರಿಸಿದ. ಅವರು ಬಿಡುಗಡೆಯಾದದ್ದು 108 ದಿನಗಳ ನಂತರ. ಅಷ್ಟು ದಿನವೂ ಟಿವಿಯಲ್ಲಿ ನಮ್ಮ ಕಾಡು, ನಮ್ಮ ರಸ್ತೆ. ನೋಡುವವರಿಗೆ ಇದು ‘ವೀರಪ್ಪನ್ ಕಾಡು’ ಆಯಿತು. ಇಲ್ಲಿ ರಾಗಿ ಬೆಳೆಯುವವರು, ಸೌದೆ ತರುವವರು, ಎರಡೂ ಭಾಷೆ ಆಡುವವರು ಆ ಚಿತ್ರದಲ್ಲಿ ಇರಲಿಲ್ಲ. 2023ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ‘ದಿ ಹಂಟ್ ಫಾರ್ ವೀರಪ್ಪನ್’ ಬಂದಾಗ ಹೊರಗಿನ ಗೆಳೆಯರು ನನ್ನನ್ನು ಕೇಳಿದ ಮೊದಲ ಪ್ರಶ್ನೆಯೂ ಅವನ ಬಗ್ಗೆಯೇ. ಹೀಗೆ ನೋಡಿಸಿಕೊಂಡ ನಾವೇ ಇನ್ನೊಬ್ಬರನ್ನು ಹೀಗೆ ನೋಡಬಹುದೇ?

ಭಾನುವಾರದ ಬಲಿಪೂಜೆಯಲ್ಲಿ ಹಿಂದಿನ ಸಾಲಿನ ಯುವಕ ತೂಕಡಿಸುತ್ತಾನೆ. ‘ರಾತ್ರಿಯೆಲ್ಲಾ ಮೊಬೈಲ್, ಇಲ್ಲವೇ ಕುಡಿತ’ ಎಂಬ ಮಾತು ಬರುತ್ತದೆ. ಕಾಡಿನಂಚಿನಲ್ಲಿ ಹೊಲ ಇರುವವರಿಗೆ ಇನ್ನೊಂದು ಕಾರಣ ಗೊತ್ತು: ಆನೆ ಬರದಂತೆ ರಾತ್ರಿಯಿಡೀ ಜೋಳದ ಹೊಲ ಕಾದು, ಮುಖ ತೊಳೆದುಕೊಂಡು ನೇರ ದೇವಾಲಯಕ್ಕೆ ಬರುವವರೂ ಇದ್ದಾರೆ. ಬಿಎಸ್ಸಿ ಓದುವಾಗ ಪ್ರಯೋಗಾಲಯದಲ್ಲಿ ಒಂದೇ ಅಳತೆ ತೆಗೆದು ಫಲಿತಾಂಶ ಬರೆಯಲು ಬಿಡುತ್ತಿರಲಿಲ್ಲ. ಅಳತೆಗಳು ಒಂದಕ್ಕೊಂದು ಹೊಂದುವವರೆಗೆ ಮತ್ತೆ ಮತ್ತೆ ಮಾಡಬೇಕಿತ್ತು. ಒಂದು ದ್ರಾವಣಕ್ಕೆ ಕೊಡುವಷ್ಟು ತಾಳ್ಮೆಯನ್ನು ಒಬ್ಬ ಮನುಷ್ಯನಿಗೆ ಕೊಡಬಾರದೇ?

ಹಾಗಾದರೆ ಯಾವುದನ್ನೂ ತಪ್ಪು ಎನ್ನಬಾರದೇ ಎಂದು ನೀವು ಕೇಳಬಹುದು. ಎನ್ನಲೇಬೇಕು. ಕುಡಿದು ಹೆಂಡತಿಗೆ ಹೊಡೆಯುವವನನ್ನು ಕಂಡು ‘ನಮಗೆ ಪೂರ್ತಿ ಕಥೆ ಗೊತ್ತಿಲ್ಲ’ ಎಂದು ಸುಮ್ಮನಿರುವುದು ದಯೆ ಎನಿಸದು, ಅದು ಹೇಡಿತನ. ಹೊಡೆತವನ್ನು ತಡೆಯಬೇಕು, ಆಕೆಗೆ ಆಸರೆಯಾಗಬೇಕು. ಕಣ್ಣೆದುರಿನ ಕೃತ್ಯವನ್ನು ತಪ್ಪು ಎನ್ನಲು ಕಂಡಷ್ಟು ಸಾಕು. ‘ಅವನು ಇಂಥವನೇ, ಆ ಮನೆಯವರೇ ಹಾಗೆ’ ಎಂದು ಇಡೀ ಬಾಳಿಗೆ ಮುದ್ರೆ ಒತ್ತಲು ಅಷ್ಟು ಸಾಲದು.

ಶ್ರೀಗ್ರಂಥದಲ್ಲಿ ಪ್ರವಾದಿ ಸಮುವೇಲನೇ ಜೆಸ್ಸೆಯನ ಹಿರಿಯ ಮಗನ ಎತ್ತರ, ರೂಪ ನೋಡಿ ಇವನೇ ಅರಸನಾಗುವವನು ಎಂದುಕೊಳ್ಳುತ್ತಾನೆ. ಆಯ್ಕೆಯಾದವನು ಹೊಲದಲ್ಲಿ ಕುರಿ ಕಾಯುತ್ತಿದ್ದ ದಾವೀದ. ಅವನು ಆ ಸಾಲಿನಲ್ಲೇ ಇರಲಿಲ್ಲ. ಪ್ರವಾದಿಯ ಕಣ್ಣಿಗೇ ತಪ್ಪಿದ್ದು ನಮ್ಮ ಕಣ್ಣಿಗೆ ತಪ್ಪದಿರುತ್ತದೆಯೇ?

ಆದ್ದರಿಂದ ಯುವಮಿತ್ರರಲ್ಲಿ ಒಂದು ಸಣ್ಣ ಕೋರಿಕೆ. ಈ ವಾರ ಯಾರ ಬಗ್ಗೆಯಾದರೂ ಮಾತು ಬಂದಾಗ, ಅದಕ್ಕೆ ದನಿಗೂಡಿಸುವ ಮುನ್ನ ಅವರ ಮನೆಗೆ ಹೋಗಿ ‘ಹೇಗಿದ್ದೀರಿ?’ ಎಂದು ಕೇಳಿ, ಸ್ವಲ್ಪ ಹೊತ್ತು ಕುಳಿತು ಬನ್ನಿ. ಧಾರಾವಾಹಿಗೆ ಕೊಡುವ ಅರ್ಧ ಗಂಟೆ ಸಾಕು.