ವಾಯಿದೆ ಮೀರಿದ ಸಾಲ

ಮಗಳ ಮದುವೆಗೆಂದು ಕಿರಾಣಿ ಅಂಗಡಿಯಿಂದ 40,000 ರೂಪಾಯಿಯ ಸಾಮಾನು ಉದ್ರಿ ತಂದಿರಿ ಎನ್ನೋಣ. ಇಂಥ ದಿನ ಕೊಡುತ್ತೇನೆಂಬ ಗಡುವೇನೂ ಇಲ್ಲ. ಸಾಮಾನು ನಿಮ್ಮ ಕೈಸೇರಿ 3 ವರ್ಷವಾಗುವುದರೊಳಗೆ ಅಂಗಡಿಯವರು ದಾವೆ ಹೂಡಬೇಕು ಎನ್ನುತ್ತದೆ 1963ರ ಕಾಲಮಿತಿ ಕಾಯ್ದೆ. ದಾಕ್ಷಿಣ್ಯಕ್ಕೆ ಸುಮ್ಮನಿದ್ದು ಆಮೇಲೆ ಹೋದರೆ ದಾವೆ ವಜಾ. ವಾಯಿದೆ ಮೀರಿದೆಯೆಂದು ನೀವು ಬಾಯಿ ಬಿಡದಿದ್ದರೂ ನ್ಯಾಯಾಧೀಶರೇ ತಾರೀಖು ಎಣಿಸಿ ವಜಾ ಮಾಡಬೇಕು.

ಹಾಗಾದರೆ ಸಾಲ ತೀರಿತೇ? ಇಲ್ಲ. ಸಾಲ ಇದೆ, ವಸೂಲಿಯ ದಾರಿ ಇಲ್ಲ. ಹಕ್ಕು ಬೇರೆ, ಅದನ್ನು ದಕ್ಕಿಸಿಕೊಳ್ಳುವ ಉಪಾಯ ಬೇರೆ. ಕಾಲ ಕಸಿಯುವುದು ಎರಡನೆಯದನ್ನಷ್ಟೇ. ಜಮೀನಿನ ಮಾತು ಹೀಗಲ್ಲ. ನಿಮ್ಮ ಹೊಲವನ್ನು ಇನ್ನೊಬ್ಬರು ನಿಮಗೆ ವಿರುದ್ಧವಾಗಿ 12 ವರ್ಷ ಅನುಭವಿಸಿಬಿಟ್ಟರೆ, ಅದೇ ಕಾಯ್ದೆಯ ಪ್ರಕಾರ ಹಕ್ಕೇ ಅಳಿಯುತ್ತದೆ. ಹೊಲ ಯಾರದೆಂಬುದು ಊರಿಗೆಲ್ಲ ಗೊತ್ತಿರಬೇಕಾದ ಸಂಗತಿ. ಸಾಲ ಇಬ್ಬರ ನಡುವಿನದು, ಅರೆಜೀವವಾಗಿ ಉಳಿದರೂ ಮೂರನೆಯವರಿಗೆ ತೊಡಕಿಲ್ಲ. ಈ ವ್ಯತ್ಯಾಸ ನನಗೆ ಅರ್ಥವಾಗುವುದು ಹೀಗೆ.

ಸಾಲ ತೀರಿಸುತ್ತೇವೆ, ಅನ್ನದ ಋಣ ತೀರದು ಎನ್ನುವ ನಮಗೆ ಇದರಲ್ಲಿ ಹೊಸತೇನಿದೆ ಎನಿಸಬಹುದು. ಆದರೆ ಕಾಯ್ದೆ ಉಳಿಸಿಟ್ಟಿರುವುದು ಆ ಋಣವನ್ನಲ್ಲ, ಲೆಕ್ಕಕ್ಕೆ ಸಿಗುವ 40,000 ರೂಪಾಯಿಯನ್ನು.

ಅದಕ್ಕೆ ಮತ್ತೆ ಜೀವ ಬರುವುದೂ ಉಂಟು. ಸಾಮಾನ್ಯವಾಗಿ ಪ್ರತಿಫಲವಿಲ್ಲದ ಮಾತು ಕರಾರಲ್ಲ. ನಾಳೆ ನಿಮಗೆ 1,000 ರೂಪಾಯಿ ಕೊಡುತ್ತೇನೆಂದು ನಾನು ಸುಮ್ಮನೆ ಹೇಳಿದರೆ ನೀವು ಕೋರ್ಟಿಗೆ ಹೋಗಲಾರಿರಿ. ಆತ್ಮಸಾಕ್ಷಿಯ ಹೊಣೆಯೇ ಸಾಕಷ್ಟು ಪ್ರತಿಫಲ ಎಂದು 18ನೇ ಶತಮಾನದ ಇಂಗ್ಲೆಂಡಿನಲ್ಲಿ ಲಾರ್ಡ್ ಮ್ಯಾನ್ಸ್‌ಫೀಲ್ಡ್ ವಾದಿಸಿದ್ದರು. 1840ರಲ್ಲಿ ಅಲ್ಲಿನ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ನಮ್ಮ 1872ರ ಕರಾರು ಕಾಯ್ದೆಯೂ ಆ ಮಾತನ್ನು ಸಾರಾಸಗಟಾಗಿ ಒಪ್ಪಿಲ್ಲ, ಆದರೆ 25ನೇ ಕಲಮಿನಲ್ಲಿ ಒಂದು ಕಿಂಡಿ ಬಿಟ್ಟಿದೆ: ವಾಯಿದೆ ಮೀರಿದ ಸಾಲವನ್ನು ಕೊಡುತ್ತೇನೆಂದು ಬರೆದು ರುಜು ಹಾಕಿದರೆ, ಹೊಸ ಪ್ರತಿಫಲ ಇಲ್ಲದಿದ್ದರೂ ಅದು ಕರಾರು. ಬಾಯಿಮಾತು ಸಾಲದು.

ಇನ್ನೊಂದು ಕಿಂಡಿ 60ನೇ ಕಲಮು. ಆ ಅಂಗಡಿಯಲ್ಲೇ ನಿಮ್ಮದು ಹೊಸ ಉದ್ರಿಯೂ ಇದೆ. ಯಾವ ಬಾಕಿಗೆಂದು ಹೇಳದೆ, ಬೇರೆ ಸೂಚನೆಯನ್ನೂ ಕೊಡದೆ 5,000 ರೂಪಾಯಿ ಕೈಗಿಟ್ಟು ಬಂದಿರಿ. ಅಂಗಡಿಯವರು ಅದನ್ನು ಮದುವೆಯ ಹಳೆ ಬಾಕಿಗೇ ಜಮಾ ಮಾಡಿಕೊಳ್ಳಬಹುದು. ಹೊಸ ಬಾಕಿಗೆ ಎಂದು ಹೇಳಿ ಕೊಟ್ಟಿದ್ದರೆ ಹಾಗೆ ಮಾಡುವಂತಿರಲಿಲ್ಲ. ಜಮಾ ಆದ ಮೇಲೆ ಹಳೆಯದರಲ್ಲಿ ಉಳಿದ 35,000 ಮಾತ್ರ ಮೊದಲಿನಂತೆಯೇ, ಖಾತೆ ಪುಸ್ತಕದಲ್ಲಿ ಉಂಟು, ಕೋರ್ಟಿನಲ್ಲಿ ಇಲ್ಲ.