ಉಗುಳುವ ಹಕ್ಕು

ಬಂಗಾರಪೇಟೆ ಕಡೆಯ ಒಂದು ಕೆರೆ ಏರಿ. ಭಾನುವಾರ. ಬೆಂಗಳೂರಿನಿಂದ ಬೈಕಿನಲ್ಲಿ ಬಂದ ಇಬ್ಬರು ಹುಡುಗರು ಒಂದು ಪೆಟ್ಟಿಗೆ ಬಿಚ್ಚಿದರು. ಒಳಗೆ ಸಾಲಾಗಿ ಹುಳುಗಳು. ಕೆಂಪು, ಹಸಿರು, ನೇರಳೆ. ಮುಟ್ಟಿದರೆ ಮೆತ್ತಗೆ, ಎಳೆದರೆ ಉದ್ದಕ್ಕೆ ಬರುತ್ತವೆ, ಬಿಟ್ಟರೆ ನುಲಿಯುತ್ತವೆ. ಎಲ್ಲ ಪ್ಲಾಸ್ಟಿಕ್ಕು. ಒಂದನ್ನು ಗಾಳಕ್ಕೆ ಸಿಕ್ಕಿಸಿ ಸಣ್ಣ ಸೀಸೆಯಿಂದ ಎರಡು ತೊಟ್ಟು ಹಚ್ಚಿದರು. ಬೆಳ್ಳುಳ್ಳಿ, ಸೋಂಪು, ಒಣಮೀನು ಸೇರಿಸಿ ಅರೆದಂಥ ಘಾಟು ಏರಿಯ ಮೇಲೆಲ್ಲ ಹರಡಿತು.

ಪಕ್ಕದಲ್ಲಿ ನಮ್ಮ ಕೇರಿಯ ತಾತ ಬಿದಿರುಕಡ್ಡಿಯ ಗಾಳ ಹಿಡಿದು ಕೂತಿದ್ದ. ಅವನ ಎರೆ ರಾಗಿಹಿಟ್ಟು, ಕಡಲೆಕಾಯಿ ಹಿಂಡಿ ಕಲಸಿದ ಉಂಡೆ. ಮೂಗು ಅರಳಿಸಿ ಕೇಳಿದ: "ಏನಪ್ಪಾ ಅದು?"

"ಸೆಂಟು ತಾತ. ಮೀನಿಗೆ."

"ಹುಳ ನೋಡಿದ್ರೆ ಹುಳದಂಗೇ ಐತೆ. ಮತ್ತೆ ವಾಸನೆ ಯಾಕೆ?"

"ಬಾಯಿಗೆ ಹಾಕ್ಕೊಂಡ ಮೇಲೆ ಅದಕ್ಕೆ ಗೊತ್ತಾಗ್ಬಿಡುತ್ತೆ, ಉಗುಳ್ಬಿಡುತ್ತೆ. ಇದು ಹಚ್ಚಿದ್ರೆ ಸ್ವಲ್ಪ ಹೊತ್ತು ಹಿಡ್ಕೊಂಡಿರುತ್ತೆ. ಅಷ್ಟರಲ್ಲಿ ನಾವು ಎಳ್ಕೋತೀವಿ."

ತಾತ ನಕ್ಕ. "ಅಂದ್ರೆ, ಅದು ಯೋಚ್ನೆ ಮಾಡಾಕೆ ಬಿಡಬಾರ್ದು ಅನ್ನು."

ಗೆಳೆಯರೆ, ಆ ಮಾತು ಅವತ್ತಿನಿಂದ ನಮ್ಮನ್ನು ಬಿಟ್ಟಿಲ್ಲ. ಮೀನು ಹಿಡಿಯುವವರ ಸಣ್ಣ ಉಪಾಯವೊಂದರಲ್ಲಿ ನಮ್ಮ ಜನರ ಬದುಕಿನ ದೊಡ್ಡ ಪ್ರಶ್ನೆಯೊಂದು ಅಡಗಿ ಕೂತಿದೆ ಅನ್ನಿಸುತ್ತದೆ. ಅದನ್ನು ಇಲ್ಲಿ ಬಿಚ್ಚಿ ನೋಡೋಣ.

ಮೊದಲು ಈ ಹುಳದ ಜಾತಕ. 1949ರಲ್ಲಿ ಅಮೆರಿಕದ ಓಹಾಯೊ ರಾಜ್ಯದ ಆಕ್ರನ್ ಊರಿನಲ್ಲಿ ನಿಕ್ ಕ್ರೀಮ್ ಎಂಬಾತ ಪ್ಲಾಸ್ಟಿಕ್ ಎರೆಹುಳು ಮಾಡಿದ. ಇವತ್ತಿನ ಮೆತ್ತನೆ ಹುಳುಗಳಲ್ಲಿ ಬಹಳಷ್ಟು ಪಿವಿಸಿಯವು. ನಮ್ಮ ಹೊಲಗಳಲ್ಲಿ ಬೋರ್‌ವೆಲ್ಲಿಗೆ ಹಾಕುವ ಪೈಪಿನದೂ ಅದೇ ಪಿವಿಸಿ. ಎಣ್ಣೆಯಂಥ ರಾಸಾಯನಿಕ ಬೆರೆಸಿ ಅದನ್ನು ಮೆದು ಮಾಡಿರುತ್ತಾರೆ. ಕಣ್ಣಿಗೆ ಹುಳು, ಅಲ್ಲಾಡಿಸಿದರೆ ಹುಳು, ಬಾಯಿಗಿಟ್ಟರೆ ಮಾತ್ರ ರಾಸಾಯನಿಕ.

ಮೀನು ದಡ್ಡ ಪ್ರಾಣಿಯಲ್ಲ. ಅದರ ಮೂಗು ಉಸಿರಾಡುವುದಕ್ಕಲ್ಲ, ವಾಸನೆ ತಿಳಿಯುವುದಕ್ಕೇ ಇದೆ. ಒಂದು ತೂತಿನಿಂದ ನೀರು ಒಳಗೆ ಹೋಗಿ ಇನ್ನೊಂದರಿಂದ ಹೊರಗೆ ಬರುತ್ತದೆ. ಮೀಸೆ ಮೀನಿಗಂತೂ ಮೀಸೆಯ ಮೇಲೆ, ಮೈಮೇಲೆಲ್ಲ ರುಚಿಮೊಗ್ಗುಗಳು. ಮೈಯೆಲ್ಲ ನಾಲಗೆ ಅನ್ನಿ. ಜೀವವಿದ್ದ ಹುಳುವಿನಿಂದ, ಗಾಯವಾದ ಮಾಂಸದಿಂದ ಅಮೈನೊ ಆಮ್ಲಗಳು ನೀರಿನಲ್ಲಿ ಕರಗಿ ಹರಡುತ್ತವೆ. ಅವು ಮೀನಿಗೆ ಊಟದ ಕರೆ. ಎಣ್ಣೆಯಲ್ಲಿ ಮಾಡಿದ ಸೆಂಟು ನೀರಿನಲ್ಲಿ ಹಾಗೆ ಕರಗುವುದಿಲ್ಲ, ಹುಳದ ಮೈಗೇ ಅಂಟಿಕೊಂಡಿರುತ್ತದೆ. ದೂರದ ಮೀನನ್ನು ಕರೆತರುವುದಕ್ಕಿಂತ, ಬಾಯಿಗೆ ಬಂದ ಮೀನು ಉಗುಳದ ಹಾಗೆ ತಡೆಯುವುದೇ ಅದರ ಮುಖ್ಯ ಕೆಲಸ. ಕೆಲವರು ಪ್ಲಾಸ್ಟಿಕ್ಕಿನೊಳಗೇ ಉಪ್ಪು ಬೆರೆಸುವುದೂ ಇದಕ್ಕೇ. ಬಾಯಿಗಿಟ್ಟದ್ದು ಸುಳ್ಳು ಎಂದು ತಿಳಿಯುವ ಮೊದಲಿನ ಆ ಒಂದು ಕ್ಷಣವನ್ನು ಕೊಂಚ ಹಿಗ್ಗಿಸಬೇಕು. ಕೊಕ್ಕೆ ಕಚ್ಚುವುದು ಆ ಹಿಗ್ಗಿಸಿದ ಕ್ಷಣದಲ್ಲೇ.

ಓದುಗರಲ್ಲಿ ಮೇಷ್ಟ್ರುಗಳಿದ್ದೀರಿ. ನೀವು ತಕ್ಷಣ ಕೇಳುತ್ತೀರಿ: ನಿಮ್ಮ ತಾತನ ರಾಗಿ ಉಂಡೆ ಸತ್ಯವಂತನೇನು? ಅದರೊಳಗೂ ಕೊಕ್ಕೆ ಇಲ್ಲವೇ? ಬಡವ ಹಾಕಿದರೆ ಎರೆ, ಹಣವಂತ ಹಾಕಿದರೆ ಮೋಸವೇ?

ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವ ಹಾಗಿಲ್ಲ. ಕೆಜಿಎಫ್‌ನ ಮಾರಿಕುಪ್ಪಂನಲ್ಲಿ, ಅಂಬೇಡ್ಕರರು ಬೌದ್ಧರಾಗುವುದಕ್ಕೆ ಎಷ್ಟೋ ಮೊದಲೇ, ಅಯೋತಿದಾಸರ ಬೌದ್ಧ ಸಂಘದ ಶಾಖೆ ಇತ್ತು. ಗಣಿಗೆ ಇಳಿಯುತ್ತಿದ್ದ ಜನ ಅಲ್ಲಿ ಪಂಚಶೀಲ ಕಲಿತರು. ಮೊದಲನೆಯ ಶೀಲ, ಕೊಲ್ಲಬೇಡ. ನಾಲ್ಕನೆಯದು, ಸುಳ್ಳಾಡಬೇಡ. ಗಾಳ ಹಿಡಿದವನು ಎರಡನ್ನೂ ಒಂದೇ ಏಟಿಗೆ ಮುರಿಯುತ್ತಾನೆ. ತಾತನೂ ಮುರಿಯುತ್ತಾನೆ. ಇದನ್ನು ಮುಚ್ಚಿಟ್ಟು ಅವನನ್ನು ಪುಣ್ಯಾತ್ಮ ಮಾಡುವುದು ನಮಗೆ ಬೇಕಿಲ್ಲ.

ಆದರೂ ವ್ಯತ್ಯಾಸ ಇದೆ. ತಾತ ಗಾಳ ಬಿಡುವ ಮೊದಲು ಒಂದು ಹಿಡಿ ಹಿಂಡಿ, ತೌಡು ನೀರಿಗೆ ಚೆಲ್ಲುತ್ತಾನೆ. ಮೀನು ಸೇರಲಿ ಅಂತಲೇ ಚೆಲ್ಲುವುದು, ಧರ್ಮಕ್ಕಲ್ಲ. ಆದರೆ ಸೇರಿದ ಮೀನುಗಳಲ್ಲಿ ಬಹುಪಾಲು ತಿಂದು ಹೊಟ್ಟೆ ತುಂಬಿಸಿಕೊಂಡು ಹೋಗುತ್ತವೆ. ಗಾಳದ ಉಂಡೆಯನ್ನೂ ಎಷ್ಟೋ ಮೀನು ಕಿತ್ತುಕೊಂಡು ಪಾರಾಗುತ್ತವೆ. ಅವನ ಎರೆ ಅನ್ನ. ಅವನು ಬೆಳಗ್ಗೆ ಉಂಡ ಮುದ್ದೆಯ ಹಿಟ್ಟೇ ಅದು. ಮೀನಿನ ಹಸಿವನ್ನು ಅವನು ತನ್ನ ಹಸಿವಿನಿಂದ ಅಳೆದಿದ್ದಾನೆ. ಅನ್ನಕ್ಕೆ ಇರಬೇಕಾದ ವಾಸನೆ ಆ ಉಂಡೆಗಿದೆ. ಸೀಸೆಯ ವಾಸನೆಯ ಹಿಂದೆ ಅನ್ನ ಇಲ್ಲ.

ಕಣ್ಣನ್ನು ಮೋಸ ಮಾಡುವುದೆಲ್ಲ ತಪ್ಪು ಅಂತಲೂ ನಾವು ಹೇಳುತ್ತಿಲ್ಲ. ಬಂಗಾರಪೇಟೆಯ ಪಾನಿಪೂರಿ ತಿಂದವರಿಗೆ ಗೊತ್ತು. ಆ ಪಾನಿ ನೋಡೋಕೆ ಬರೀ ನೀರು, ಬಾಯಿಗಿಟ್ಟರೆ ಖಾರ ನೆತ್ತಿಗೇರುತ್ತೆ. ಕಣ್ಣು ನಂಬಿದ್ದಕ್ಕಿಂತ ಹೆಚ್ಚು ನಾಲಗೆಗೆ ಸಿಕ್ಕಿತು. ಅದು ತಮಾಷೆ. ಮೂಗು ನಂಬಿದ್ದು ಹೊಟ್ಟೆಗೆ ಸಿಗದೇ ಹೋದರೆ ಅದು ತಮಾಷೆಯಲ್ಲ.

ಆ ಹುಡುಗರ ಕಡೆಯಿಂದಲೂ ಒಂದು ಮಾತಿದೆ. ನಾವು ಮೀನು ತಿನ್ನೋದಿಲ್ಲ, ಹಿಡಿದು ಫೋಟೋ ತೆಗೆದು ಬಿಟ್ಟುಬಿಡ್ತೀವಿ, ನಿಜವಾದ ಹುಳುವನ್ನೂ ಕೊಲ್ಲೋದಿಲ್ಲ ಅನ್ನುತ್ತಾರೆ. ಅವರು ಕೆಟ್ಟ ಹುಡುಗರಲ್ಲ, ತಾತನಿಗೆ ಬಿಸ್ಕತ್ತು ಕೊಟ್ಟರು. ಆದರೆ ಯೋಚಿಸಿ. ತಿನ್ನುವವನಿಗೆ ಮೀನಿನ ದೇಹ ಬೇಕು. ತಿನ್ನದವನಿಗೆ ಬೇಕಾದದ್ದು ಮೀನು ಮೋಸಹೋದ ಆ ಗಳಿಗೆ ಮಾತ್ರ. ಇದರಲ್ಲಿ ಕ್ರೌರ್ಯ ಕಡಿಮೆಯೋ ಹೆಚ್ಚೋ, ಓದುಗರೇ ತೂಗಲಿ.

ಈಗ ಉಗುಳಿನ ವಿಷಯಕ್ಕೆ ಬರೋಣ. ಉಗುಳುವುದು ಮೀನಿನ ತೀರ್ಪು. ಕಂಡೆ, ನಂಬಿದೆ, ಬಾಯಿಗಿಟ್ಟೆ, ಇದು ಅನ್ನವಲ್ಲ, ಥೂ. ಇದಕ್ಕಿಂತ ಹಳೆಯ ವಿಚಾರವಾದ ಲೋಕದಲ್ಲಿ ಇದೆಯೇ? ನೀರಿನ ಜೀವಕ್ಕೂ ಇರುವ ಈ ಹಕ್ಕನ್ನು ನಮ್ಮ ದೇಶದಲ್ಲಿ ಮನುಷ್ಯರಿಂದ ಕಿತ್ತುಕೊಂಡಿದ್ದರು. ಪೇಶ್ವೆಗಳ ಪುಣೆಯಲ್ಲಿ ಅಸ್ಪೃಶ್ಯ ಕೊರಳಿಗೆ ಮಡಕೆ ಕಟ್ಟಿಕೊಂಡು ನಡೆಯಬೇಕಿತ್ತು. ಅವನ ಉಗುಳು ನೆಲಕ್ಕೆ ಬಿದ್ದರೆ ಸವರ್ಣ ತುಳಿದು ಮೈಲಿಗೆಯಾದಾನು! 'ಜಾತಿ ವಿನಾಶ'ದಲ್ಲಿ ಬಾಬಾಸಾಹೇಬರು 1936ರಲ್ಲಿ ಇದನ್ನು ಬರೆದರು. ಅದನ್ನು ನಾವು ಶುಚಿಯ ಸಂಗತಿ ಎಂದಷ್ಟೇ ಓದಿಕೊಂಡು ಬಂದಿದ್ದೇವೆ. ಕೆರೆ ಏರಿಯ ಮೇಲೆ ನಮಗೆ ಬೇರೆ ಅರ್ಥ ಹೊಳೆಯಿತು. ಕೊಟ್ಟದ್ದನ್ನು ನುಂಗು, ಥೂ ಅನ್ನುವ ಹಾಗಿಲ್ಲ ಎಂಬ ಅಪ್ಪಣೆ ಆ ಮಡಕೆಯಲ್ಲಿತ್ತು.

ವಾಸನೆಯ ರಾಜಕೀಯವೂ ನಮಗೆ ಹೊಸದಲ್ಲ. ಕೇರಿಯ ಪಕ್ಕ ಹಾದು ಹೋಗುವಾಗ ಮೂಗಿಗೆ ಪಂಚೆಯ ಚುಂಗು ಹಿಡಿದವರನ್ನು ನಮ್ಮ ಅವ್ವಂದಿರು ಕಂಡಿದ್ದಾರೆ. ಒಣಮೀನು, ಬೆಳ್ಳುಳ್ಳಿ, ರಕ್ತ, ಇವುಗಳ ವಾಸನೆ ನಮ್ಮ ಒಲೆಯ ಮೇಲಿದ್ದರೆ ನಾತ. ಅವೇ ಸೀಸೆಯಲ್ಲಿ ಕೂತು ಬೆಲೆಚೀಟಿ ಅಂಟಿಸಿಕೊಂಡರೆ ಸೆಂಟು.

ಇಷ್ಟಕ್ಕೂ ನಮ್ಮ ಈ ಸೀಮೆ ಹುಟ್ಟಿದ್ದೇ ಒಂದು ವಾಸನೆಯಿಂದ. ಬಂಗಾರಕ್ಕೆ ಪರಿಮಳ ಬೆರೆತಂತೆ ಅಂತ ಮಾತಿದೆ. ನಿಜದ ಬಂಗಾರಕ್ಕೆ ವಾಸನೆ ಇಲ್ಲ, ಬೇಕಾದಾಗ ಬೆರೆಸುವವರು ಇದ್ದರು. 1880ರಲ್ಲಿ ಜಾನ್ ಟೇಲರ್ ಕಂಪನಿ ಕೋಲಾರದ ನೆಲಕ್ಕೆ ಇಳಿದ ಮೇಲೆ ಉತ್ತರ ಆರ್ಕಾಟಿನಿಂದ, ಚಿತ್ತೂರಿನಿಂದ ಹಸಿದ ಜನ ಬಂದರು. ಅವರಲ್ಲಿ ಬಹಳಷ್ಟು ಜನ ದಲಿತರು. ಜಮೀನ್ದಾರನ ಹೊಲಕ್ಕಿಂತ ಗಣಿಯೇ ವಾಸಿ ಅಂತ ಬಂದರು, ಆ ಮಾತಿನಲ್ಲಿ ನಿಜವೂ ಇತ್ತು. ಇಲ್ಲಿ ಕೂಲಿ ಇತ್ತು, ಆಮೇಲೆ ಯೂನಿಯನ್ ಇತ್ತು, ಬೌದ್ಧ ಸಂಘವಿತ್ತು. ಹಾಗಾಗಿ ಗಣಿಯನ್ನು ಬರೀ ಪ್ಲಾಸ್ಟಿಕ್ ಹುಳು ಅನ್ನಲಾರೆವು. ಅದು ತಾತನ ಉಂಡೆಯ ಹಾಗೆ. ಅನ್ನವೂ ಇತ್ತು, ಕೊಕ್ಕೆಯೂ ಇತ್ತು. ಚಾಂಪಿಯನ್ ರೀಫ್‌ನಲ್ಲಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದವರ ಪುಪ್ಪುಸದಲ್ಲಿ ಕಲ್ಲಿನ ದೂಳು ಉಳಿಯಿತು.

2001ರ ಫೆಬ್ರವರಿ ಕೊನೆಗೆ ಗಣಿ ಮುಚ್ಚಿತು. ಅನ್ನ ಹೋಯಿತು. ಉಳಿದದ್ದು ವಾಸನೆ. ಗಣಿ ತೆರೀತಾರಂತೆ! 2013ರಲ್ಲಿ ಸುಪ್ರೀಂ ಕೋರ್ಟು ಜಾಗತಿಕ ಟೆಂಡರಿಗೆ ದಾರಿ ಬಿಟ್ಟಾಗ ಒಮ್ಮೆ ವಾಸನೆ ಬಂತು. 2024ರಲ್ಲಿ 13 ಸಯನೈಡ್ ದಿಬ್ಬಗಳಿಂದ ಚಿನ್ನ ತೆಗೆಯಲು ರಾಜ್ಯ ಸಂಪುಟ ಒಪ್ಪಿದಾಗ ಮತ್ತೊಮ್ಮೆ ಬಂತು. ಈ ನಡುವೆ ಮಾರಿಕುಪ್ಪಂ, ಬಂಗಾರಪೇಟೆಯ ಜನ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗುತ್ತಲೇ ಇದ್ದಾರೆ. ಗಣಿ ತೆರೆಯುವುದು ಸುಳ್ಳೋ ನಿಜವೋ ಎಂಬ ವಾದ ನಮ್ಮದಲ್ಲ. ಪ್ರತಿ ಚುನಾವಣೆಯಲ್ಲೂ ಈ ಮಾತಿನ ಎರಡು ತೊಟ್ಟು ಹಚ್ಚಿದರೆ ಜನ ಇನ್ನೊಂದು ಐದು ವರ್ಷ ಬಾಯಿಯಲ್ಲಿ ಹಿಡಿದುಕೊಂಡಿರುತ್ತಾರೆ ಎಂದು ಎಳೆಯುವವನಿಗೆ ಗೊತ್ತಿದೆ. ಮೀನಿಗೆ ಒಂದು ಕ್ಷಣ, ಮನುಷ್ಯನಿಗೆ ಐದು ವರ್ಷ. ಕಾಯಿಸುವುದೇ ಕೊಕ್ಕೆ.

ಇಲ್ಲಿಗೆ ನಿಲ್ಲಿಸಿದರೆ ನಮ್ಮ ಪತ್ರಿಕೆಯ ಓದುಗರು ತಲೆದೂಗುತ್ತಾರೆ. ಬೈಯಬೇಕಾದವರನ್ನು ಬೈದಾಯಿತು. ಆದರೆ ಸೀಸೆ ನಮ್ಮ ಜೇಬಿನಲ್ಲೂ ಇದೆ.

1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ಅವರ ಮಂತ್ರಿ ಪದವಿ ಹೋಯಿತು, ದಲಿತ ವಿದ್ಯಾರ್ಥಿಗಳು ಏಟು ತಿಂದರು. ಆ ಏಟಿನಿಂದಲೇ ನಮ್ಮ ಬರವಣಿಗೆ ಚಿಗುರಿತು. ಬೂಸಾ ಆದರೂ ದನದ ಹೊಟ್ಟೆಗೆ ಆಗುತ್ತೆ, ಮೀನಿನ ಎರೆಗೂ ಆಗುತ್ತೆ. ನಾವು ಇವತ್ತು ಬರೆಯುತ್ತಿರುವುದು ಏನು? ಬೆವರು, ನೆತ್ತರು, ಚಪ್ಪಲಿ, ಹಸಿವು. ಈ ಮಾತುಗಳನ್ನು ಎರಡೆರಡು ತೊಟ್ಟು ಹಚ್ಚಿದರೆ ಪದ್ಯ ಬಂಡಾಯದ ಹಾಗೆ ವಾಸನೆ ಹೊಡೆಯುತ್ತದೆ. ಸಭೆಯಲ್ಲಿ ಚಪ್ಪಾಳೆ ಬೀಳುತ್ತದೆ. ಒಳಗೆ ಪ್ಲಾಸ್ಟಿಕ್ಕಿದ್ದರೂ ಯಾರೂ ಉಗುಳುವುದಿಲ್ಲ, ಯಾಕೆಂದರೆ ಅದು ನಮ್ಮದೇ ವಾಸನೆ. ನಮ್ಮ ಅವ್ವನ ಸೀರೆಯ ಹೊಗೆ ವಾಸನೆಯನ್ನು ನಾವೇ ಪದ್ಯಕ್ಕೆ ಹಚ್ಚಿ ವೇದಿಕೆ ಹತ್ತಿದ್ದೇವೆ. ಆ ಪದ್ಯದಿಂದ ಅವಳಿಗೆ ಏನು ಸಿಕ್ಕಿತು ಅಂತ ಕೇಳಿಕೊಂಡಿಲ್ಲ. ಹಸಿದವರ ಮುಂದೆ ಹಸಿವಿನ ಸೆಂಟು ಹಿಡಿಯುವ ಕೆಲಸವನ್ನು ಉಳ್ಳವರಷ್ಟೇ ಮಾಡಲಿಲ್ಲ.

ಆದ್ದರಿಂದ ಒಂದು ಅಳತೆಯನ್ನು ಮುಂದಿಡುತ್ತೇವೆ, ನಮಗೂ ಸೇರಿಸಿ. ಯಾವ ಮಾತು, ಯಾವ ಯೋಜನೆ, ಯಾವ ಪದ್ಯ ಕೇಳುವವನಿಗೆ ಯೋಚಿಸಲು ಹೊತ್ತು ಕೊಡುತ್ತದೋ, ಬೇಡವಾದರೆ ಉಗುಳಿ ಹೋಗಲು ಬಿಡುತ್ತದೋ, ಅದರಲ್ಲಿ ತಪ್ಪಿದ್ದರೂ ಮಾತಾಡಿ ತಿದ್ದಿಕೊಳ್ಳಬಹುದು. ಯಾವುದು ಆ ಹೊತ್ತನ್ನೇ ಕದಿಯುತ್ತದೋ ಅದು ಎಷ್ಟು ಘಮಘಮ ಅಂದರೂ ಗಾಳವೇ. ನಮ್ಮ ಸಭೆಗಳಲ್ಲಿ ಎದ್ದು ನಿಂತು ಥೂ ಅನ್ನುವ ಹುಡುಗನಿಗೆ, ಹುಡುಗಿಗೆ ಜಾಗವಿರಬೇಕು. ಅವರ ಕೊರಳಿಗೆ ನಾವು ಮಡಕೆ ಕಟ್ಟಬಾರದು.

ಅವತ್ತು ಸಂಜೆ ಹುಡುಗರ ದಾರ ಕೆರೆಯ ಜಾಲಿ ಬೊಡ್ಡೆಗೆ ಸಿಕ್ಕಿ ತುಂಡಾಯಿತು. ನೇರಳೆ ಹುಳು ನೀರಿನಲ್ಲೇ ಉಳಿಯಿತು. ಅದು ಕೊಳೆಯುವುದಿಲ್ಲ. ಸೆಂಟು ತೊಳೆದು ಹೋದ ಮೇಲೂ ಅಲ್ಲೇ ನುಲಿಯುತ್ತಿರುತ್ತದೆ. ತಾತ ಮಿಕ್ಕ ರಾಗಿ ಉಂಡೆಯನ್ನು ನೀರಿಗೆ ಎಸೆದು ಕೈ ತೊಳೆದುಕೊಂಡ. ಅವನಿಗೆ ಸಿಕ್ಕಿದ್ದು ಎರಡು ಮೀನು.

"ಇವತ್ತು ಮೀನು ಸಾನೆ ಉಗುಳಿದ್ವು ಕಣಪ್ಪಾ" ಅಂದ. ದನಿಯಲ್ಲಿ ಸಿಟ್ಟಿರಲಿಲ್ಲ.